ಒಂದು ಅಂಗಳಕ್ಕೆ ಒಂದೇ ಗಂಟೆ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ

ಎರಡನೇ ಗಂಟೆ ಆಯಿತು. ಚಹಾ ಆರುತ್ತಿದೆ. ಕಿಟಕಿ ತೆರೆದೇ ಇಟ್ಟಿದ್ದೇನೆ. ಚಳಿ ಬಂದರೂ ಸರಿ, ಗಂಟೆ ಕೇಳಬೇಕು. ಶಾಲೆ ಎರಡು ಬೀದಿ ಆಚೆ. ಗಾಳಿ ಈ ಕಡೆ ಇದ್ದರೆ ಢಣ್ ಎನ್ನುವುದು ನೇರ ಅಡುಗೆಮನೆಗೇ ಬರುತ್ತದೆ. ಗೋಡೆ ಗಡಿಯಾರ ನೋಡಿದೆ. ಸರಿಯಾಗಿತ್ತು. ದಿನಾ ಸರಿಯಾಗಿರುತ್ತದೆ, ಆದರೂ ದಿನಾ ನೋಡುತ್ತೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸೊಸೆ ನಗುತ್ತಾಳೆ. ನಗಲಿ. ನನ್ನ ಹೆಗ್ಗಣ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯುತ್ತದೆ.

ಹಿಂದೆ ಇಂಥದ್ದನ್ನೆಲ್ಲ ದೊಡ್ಡಕ್ಕನಿಗೆ ಕಾಗದದಲ್ಲಿ ಬರೆಯುತ್ತಿದ್ದೆ. ಈಗ ಅವಳ ಕಣ್ಣು ಮಂಜು. ಫೋನಿನಲ್ಲಿ ಹೇಳೋಣವೆಂದರೆ ಕಿವಿಯೂ ಅಷ್ಟಕ್ಕಷ್ಟೇ. ಬರೆಯುವ ಕೈ ಸುಮ್ಮನಿರಬೇಕಲ್ಲ. ಇದರಲ್ಲಿ ಬರೆಯುತ್ತೇನೆ. ಯಾರೂ ಓದಬೇಕಿಲ್ಲ.

ಆದರೂ ಮೊದಲಿನಿಂದ ಹೇಳುವ ಚಾಳಿ ಬಿಡದು. ನನ್ನ ತಮ್ಮ ಶಾಲೆಯ ಗಂಟೆಯವನು. ಅಂಗಳದಲ್ಲಿ ಕಬ್ಬಿಣದ ಚೌಕಟ್ಟು, ಅದಕ್ಕೆ ತೂಗಿದ ಹಿತ್ತಾಳೆ ತಟ್ಟೆ, ಅವನ ಕೈಯಲ್ಲಿ ಮರದ ಸುತ್ತಿಗೆ... ಅರ್ಧ ಆಯಸ್ಸು ಅದರಲ್ಲೇ ಹೋಯಿತು. ಹೋದ ವರ್ಷ ಏಣಿಯಿಂದ ಬಿದ್ದ. ಮೂಳೆ ಕೂಡಿಕೊಂಡಿತು, ಆದರೆ ಬಲಗೈ ಎದೆಗಿಂತ ಮೇಲೆ ಏಳದು. ತಲೆ ಬಾಚುವುದೂ ಎಡಗೈಯಲ್ಲೇ. ಕೈ ಏಳದ ಗಂಟೆಯವನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಆಗ ನಾನೇ ಮುಖ್ಯೋಪಾಧ್ಯಾಯಿನಿಯ ಹತ್ತಿರ ಹೋದೆ. ಎಲ್ಲರೂ ಅವರನ್ನು ದೊಡ್ಡ ಮೇಡಂ ಅನ್ನುತ್ತಾರೆ. ಗಂಟೆ ಹೊಡೆಯುವ ಕೆಲಸ ಕಂಪ್ಯೂಟರಿಗೆ ಕೊಡೋಣ, ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ತಮ್ಮನಿಗೆ ಇರಲಿ ಅಂದೆ. ಒಪ್ಪಿದರು. ವೆಲ್ಡಿಂಗ್‌ನವನು ಮೋಟಾರು ಕೂಡಿಸಿ ಸುತ್ತಿಗೆ ಮಾಡಿಕೊಟ್ಟ. ಪ್ರೋಗ್ರಾಂ ನಾನು ಬರೆದೆ. ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟಿದ್ದವಳು ನಾನು. ಅಂಗಡಿಗೆ ಕೆಲಸ ಬರುವುದು ನಿಂತ ಮೇಲೆ, ಸೊಸೆ ಬಿಸಾಡಬೇಕೆಂದು ಕಟ್ಟಿಟ್ಟಿದ್ದ ಪುಸ್ತಕಗಳನ್ನು ಬಿಚ್ಚಿ ಕೋಡ್ ಕಲಿತೆ. ಗುರು ಇಲ್ಲ. ಸರ್ಟಿಫಿಕೇಟ್ ಇಲ್ಲ. ಗಂಟೆ ಇದೆ.

ನಾಳೆ ದೊಡ್ಡ ಮಕ್ಕಳಿಗೆ ಅಭ್ಯಾಸದ ಪರೀಕ್ಷೆ. ಪಾಠದ ಗಂಟೆಗಳಿಲ್ಲ. ಶುರುವಿಗೊಂದು, ಮುಗಿಯುವಾಗೊಂದು, ಅಷ್ಟೇ. ದೊಡ್ಡ ಮೇಡಂ ಅವರ ಕೋಣೆಯಲ್ಲೇ ಕೂತು ವೇಳಾಪಟ್ಟಿ ಬದಲಿಸಿದ್ದಾರಂತೆ. ಅದಕ್ಕೂ ಒಂದು ಸ್ಕ್ರೀನ್ ಮಾಡಿಕೊಟ್ಟಿದ್ದೇನೆ. ಜಂಬ ಅಲ್ಲ.

ಸರಿ, ಜಂಬವೇ.


ಫೆಬ್ರವರಿ 4, ಮಂಗಳವಾರ. ಮಧ್ಯಾಹ್ನ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಬೆಳಿಗ್ಗೆ ಶುರುವಿನ ಗಂಟೆ ಕೇಳಿತು. ಸರಿ. ಆಲೂಗಡ್ಡೆ ಹೆಚ್ಚುತ್ತಾ ಕೂತೆ. ಆಮೇಲೆ — ಢಣ್.

ಚಾಕು ಅಲ್ಲೇ ನಿಂತಿತು. ಆ ಹೊತ್ತಿಗೆ ಗಂಟೆ ಇರಲೇಬಾರದು. ಮಾಮೂಲು ದಿನವಾಗಿದ್ದರೆ ಮೊದಲ ಪಾಠ ಮುಗಿಯುವ ಹೊತ್ತು ಅದು. ಚಪ್ಪಲಿ ಮೆಟ್ಟಿ ಓಡಿದೆ, ಈ ಮಂಡಿಯದನ್ನು ಓಟ ಅನ್ನಬಹುದಾದರೆ. ದಾರಿಯಲ್ಲಿರುವಾಗಲೇ ಇನ್ನೊಂದು ಢಣ್.

ಪರೀಕ್ಷೆಯ ಹಾಲಿನಲ್ಲಿ ಅರ್ಧ ಮಕ್ಕಳು ಪೆನ್ನು ಕೆಳಗಿಟ್ಟಿದ್ದರು. ಹೊಸದಾಗಿ ಸೇರಿದ ಮೇಷ್ಟ್ರು ಎರಡು ಸಾಲಿನ ಉತ್ತರಪತ್ರಿಕೆ ಆಗಲೇ ಕಿತ್ತುಕೊಂಡಿದ್ದರು. ಒಂದು ಹುಡುಗಿ ಅಳುತ್ತಿದ್ದಳು. ಅಂಗಳದಲ್ಲಿ ತಮ್ಮ ಸುತ್ತಿಗೆಯ ವೈರು ಎಳೆದು ಕೈಯಲ್ಲಿ ಹಿಡಿದು ನಿಂತಿದ್ದ, ಹಾವು ಹಿಡಿದವನ ಹಾಗೆ.

ದೊಡ್ಡ ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಿತ್ತು.

"ಇವತ್ತಿಂದು ಬರೀ ಅಭ್ಯಾಸ," ಅಂದರು. "ಮಾರ್ಚ್ ಮೂರಕ್ಕೆ ನಿಜವಾದ್ದು. ಅವತ್ತು ಹೀಗಾದ್ರೆ ಆ ಮಕ್ಕಳ ವರ್ಷ ಹೋಗುತ್ತೆ. ನಾನು ಯಾರಿಗೇಂತ ಉತ್ತರ ಹೇಳ್ಲಿ?"

"ಸರಿ ಮಾಡ್ತೀನಿ ಮೇಡಂ."

"ಅಂಗಡೀಲಿ ರೆಡಿ ಪೆಟ್ಟಿಗೆ ಸಿಗುತ್ತಂತೆ. ಗೋಡೆಗೆ ಹೊಡೆದ್ರೆ ಆಯ್ತು. ತಾನೇ ಬಾರಿಸ್ಕೊಳ್ಳುತ್ತೆ, ಯಾರೂ ನೋಡ್ಕೋಬೇಕಾಗಿಲ್ಲ."

ಯಾರೂ. ಹಾಗನ್ನುವಾಗ ಅವರು ತಮ್ಮನ ಕಡೆ ನೋಡಲಿಲ್ಲ. ಕೆಟ್ಟವರಲ್ಲ. ಅದಕ್ಕೇ ನೋಡಲಿಲ್ಲ.

ತಿಂಗಳ ಕೊನೆಗೆ ಇನ್ನೊಂದು ಅಭ್ಯಾಸ ಪರೀಕ್ಷೆ ಇಟ್ಟುಕೊಂಡಿದ್ದಾರೆ. ಅದರಲ್ಲಿ ತಪ್ಪಿದರೆ ಪೆಟ್ಟಿಗೆ ಶಾಲೆಗೆ ಬರುತ್ತದೆ, ತಮ್ಮ ಮನೆಗೆ ಹೋಗುತ್ತಾನೆ.

ಅವನು ನನ್ನನ್ನು ಗೇಟಿನವರೆಗೆ ಬಿಡಲು ಬಂದ.

"ಅಕ್ಕಾ, ನಾನು ಕುಡಿದು ಹೊಡೆದ ದಿನಾನೂ ಇಷ್ಟು ತಪ್ಪಿರ್ಲಿಲ್ಲ ಕಣೇ."

"ನೀನ್ಯಾವಾಗ ಕುಡಿದೆ?"

"ಇಲ್ಲಪ್ಪ. ಮಾತಿಗೆ ಹೇಳ್ದೆ."

ಇಬ್ಬರೂ ನಕ್ಕೆವು. ಮನೆಗೆ ಬಂದು ನೋಡಿದರೆ ಆಲೂಗಡ್ಡೆ ಕಪ್ಪಾಗಿತ್ತು.


ಫೆಬ್ರವರಿ 6, ಗುರುವಾರ. ಬೆಳಿಗ್ಗೆ

ಸಿಕ್ಕಿತು!

ಎಷ್ಟು ಸಣ್ಣದು. ಎಷ್ಟು ನಾಚಿಕೆಗೇಡು.

ಅಕ್ಕನಿಗೆ ಹೇಳುವ ಹಾಗೆಯೇ ಹೇಳಿಕೊಳ್ಳುತ್ತೇನೆ, ಆಗಲೇ ನನಗೂ ತಲೆಯಲ್ಲಿ ನಿಲ್ಲುವುದು. ಕೋಡಿನಲ್ಲಿ ಕ್ಲಾಸ್ ಅಂದರೆ ಅಚ್ಚು. 'ನ್ಯೂ' ಅಂದಾಗಲೆಲ್ಲ ಆ ಅಚ್ಚಿನಿಂದ ಒಂದು ಹೊಸ ವಸ್ತು ಹೊರಬರುತ್ತದೆ. ಅದು ಆಬ್ಜೆಕ್ಟ್. ನಾನು 'ಗಂಟೆ' ಅಂತ ಒಂದು ಅಚ್ಚು ಮಾಡಿದ್ದೆ. ಅದರ ಹೊಟ್ಟೆಯಲ್ಲಿ ವೇಳಾಪಟ್ಟಿ. ಹೊತ್ತಾದಾಗ ಸುತ್ತಿಗೆಗೆ 'ಹೊಡಿ' ಅನ್ನುವುದು ಅದರ ಕೆಲಸ. ಪ್ರೋಗ್ರಾಂ ಓಡುವುದು ಶಾಲೆಯ ಆಫೀಸಿನ ಒಂದೇ ಕಂಪ್ಯೂಟರಿನಲ್ಲಿ. ಅದನ್ನು ನೋಡುವ ಸ್ಕ್ರೀನುಗಳು ಮೂರು — ದೊಡ್ಡ ಮೇಡಂ ಕೋಣೆಯಲ್ಲಿ, ಗುಮಾಸ್ತರ ಮೇಜಿನ ಮೇಲೆ, ಅಂಗಳದಲ್ಲಿ ತಮ್ಮ ಕೂರುವ ಗೂಡಿನಲ್ಲಿ.

ಮೂರೂ ಕಡೆ 'ನ್ಯೂ' ಬರೆದಿದ್ದೇನೆ! ಬೆಳಿಗ್ಗೆ ಯಾರು ಸ್ಕ್ರೀನ್ ತೆರೆದರೂ ಒಂದು ಹೊಸ ಗಂಟೆ ಹುಟ್ಟುತ್ತದೆ. ಅಂಗಳದಲ್ಲಿ ಗಂಟೆ ಒಂದು, ಕಂಪ್ಯೂಟರಿನೊಳಗೆ ಮೂರು. ಇಷ್ಟು ದಿನ ಮೂರರ ಹೊಟ್ಟೆಯಲ್ಲೂ ಒಂದೇ ವೇಳಾಪಟ್ಟಿ. ಮೂರೂ ಒಟ್ಟಿಗೆ 'ಹೊಡಿ' ಅನ್ನುತ್ತಿದ್ದವು. ಸುತ್ತಿಗೆ ಒಂದೇ ಆದ್ದರಿಂದ ಪೆಟ್ಟೂ ಒಂದೇ. ಗೊತ್ತಾಗುವುದು ಹೇಗೆ? ಮೊನ್ನೆ ದೊಡ್ಡ ಮೇಡಂ ಅವರ ಗಂಟೆಗೆ ಮಾತ್ರ ಪರೀಕ್ಷೆಯ ವೇಳಾಪಟ್ಟಿ ಕೊಟ್ಟರು. ಉಳಿದ ಎರಡು ಹಳೆಯದನ್ನೇ ಹಿಡಿದು ಕೂತವು. ಎತ್ತು ಏರಿಗೆ, ಕೋಣ ನೀರಿಗೆ.

ಸೊಸೆ ಆಫೀಸಿಗೆ ಹೊರಡುವ ಮುಂಚೆ ಬ್ರೆಡ್ ಕಚ್ಚಿಕೊಂಡೇ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಅವಳದೂ ಇದೇ ಕಸುಬು. ಆಫೀಸಿನಲ್ಲಿ ನಾಲ್ಕು ಜನರ ಕೋಡ್ ತಿದ್ದುತ್ತಾಳೆ.

"ಅತ್ತೆ, ಇದೇನಿದು? ಯಾರು ಬಾಗಿಲು ತಟ್ಟಿದ್ರೂ ಒಂದೊಂದು ಗಂಟೆ ಹೆರ್ತಾ ಇದ್ದೀರಲ್ಲ!"

"ಸಾಕು ಬಿಡು. ಗೊತ್ತಾಯ್ತು ನಂಗೆ."

"ಒಂದೇ ಇರ್ಬೇಕು ಅಂದ್ರೆ ಸಿಂಗಲ್‌ಟನ್ ಮಾಡ್ಬೇಕು. ಆ ಪುಸ್ತಕದಲ್ಲಿದೆ, ನೀವು ಓದಿರ್ತೀರಾ."

ಓದಿದ್ದೆ. ಇದೆಲ್ಲ ನನಗೆ ಯಾಕೆ ಅಂತ ಪುಟ ತಿರುವಿ ಮುಂದೆ ಹೋಗಿದ್ದೆ.

"ಊರಿಗೊಬ್ಬಳೇ ಪದ್ಮಾವತಿ ಅಂತಾರಲ್ಲ ಅತ್ತೆ, ಅದೇ," ಅಂದು ಬ್ಯಾಗ್ ಏರಿಸಿ ಹೋದಳು.

ನನ್ನ ಅತ್ತೆ ನಾನು ಕಲಸಿದ ಹಿಟ್ಟಿಗೆ ಬೆರಳಿಟ್ಟು ನೋಡಿ ನೀರು ಹೆಚ್ಚಾಯಿತು ಅನ್ನುತ್ತಿದ್ದರು. ನನ್ನ ಸೊಸೆ ನನ್ನ ಕೋಡಿಗೆ ಬೆರಳಿಟ್ಟು ನೋಡುತ್ತಾಳೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನಗೆ ಎರಡೂ ಕಾಲದಲ್ಲಿ ಬೈಗುಳ.


ಫೆಬ್ರವರಿ 8, ಶನಿವಾರ. ಸಂಜೆ

ಬರೆದು ಮುಗಿಸಿದೆ. ಇಡೀ ದಿನ ಕುರ್ಚಿ ಬಿಟ್ಟು ಏಳಲಿಲ್ಲ. ಮಗನೇ ಬಂದು ಮೊಟ್ಟೆ ಬೇಯಿಸಿ ತಟ್ಟೆ ಪಕ್ಕದಲ್ಲಿಟ್ಟು ಹೋದ.

ಮೊದಲ ಕೆಲಸ — ಅಚ್ಚಿನ ಬಾಗಿಲಿಗೆ ಒಳಗಿನಿಂದ ಚಿಲಕ. ಹೊಸ ವಸ್ತು ಕಟ್ಟುವ ಕನ್‌ಸ್ಟ್ರಕ್ಟರನ್ನು ಪ್ರೈವೇಟ್ ಮಾಡಿದೆ. ಇನ್ನು ಹೊರಗಿನವರು ಯಾರು 'ನ್ಯೂ' ಅಂದರೂ ಕಂಪ್ಯೂಟರ್ ಒಪ್ಪುವುದಿಲ್ಲ, ಓಡಿಸುವ ಮುಂಚೆಯೇ ಕೆಂಪು ಗೆರೆ ಎಳೆಯುತ್ತದೆ. ಎರಡನೆಯದು — ಅಚ್ಚಿನೊಳಗೇ ಒಂದು ಗೂಡು, ಅದಕ್ಕೆ ಸ್ಟ್ಯಾಟಿಕ್ ಅನ್ನುತ್ತಾರೆ. ಒಂದು ಗಂಟೆ ಹಿಡಿಯುವಷ್ಟೇ ಜಾಗ. ಮೂರನೆಯದು — ಕೇಳುವ ಕಿಟಕಿ. ಗಂಟೆ ಬೇಕಾದವರು ಕಿಟಕಿಗೆ ಬಂದು ಕೇಳಬೇಕು. ಗೂಡು ಖಾಲಿಯಿದ್ದರೆ ಅಚ್ಚು ತಾನೇ ಒಂದು ಗಂಟೆ ಮಾಡಿ ಗೂಡಿನಲ್ಲಿಟ್ಟು ಕೊಡುತ್ತದೆ. ಗೂಡಿನಲ್ಲಿ ಇದ್ದರೆ ಅದನ್ನೇ ಕೊಡುತ್ತದೆ. ಎಷ್ಟು ಜನ ಬರಲಿ, ಎಷ್ಟು ಸಲ ಬರಲಿ... ಅದೇ ಗಂಟೆ.

ಇಷ್ಟಕ್ಕೇ ಕುಣಿದಾಡುತ್ತಿದ್ದೆ. ಸೊಸೆ ಕೂದಲು ಒರೆಸಿಕೊಳ್ಳುತ್ತಾ ಬಂದಳು.

"ಇಬ್ಬರು ಒಂದೇ ಸಲ ಕಿಟಕಿಗೆ ಬಂದ್ರೆ? ಇಬ್ಬರಿಗೂ ಗೂಡು ಖಾಲಿ ಕಾಣುತ್ತಲ್ಲ. ಒಬ್ಬರು ಮಾಡೋ ಅಷ್ಟರಲ್ಲಿ ಇನ್ನೊಬ್ಬರೂ ಮಾಡಿಸ್ಕೊಂಡು ಹೋಗ್ತಾರೆ."

"ಒಂದೇ ಕ್ಷಣಕ್ಕಾ? ಗುಮಾಸ್ತರು ಯಾವತ್ತೂ ಹೊತ್ತಿಗೆ ಸರಿಯಾಗಿ ಬಂದೋರೇ ಅಲ್ವಲ್ಲೇ."

"ಕರೆಂಟ್ ಹೋಗಿ ಬಂದ್ರೆ ಮೂರೂ ಸ್ಕ್ರೀನ್ ಒಟ್ಟಿಗೇ ಎದ್ದೇಳುತ್ತೆ."

ಅದು ಹೊಳೆದೇ ಇರಲಿಲ್ಲ. ಬೀಗ ಹಾಕಿದೆ. ಒಬ್ಬರು ಕಿಟಕಿಯಲ್ಲಿರುವಾಗ ಇನ್ನೊಬ್ಬರು ಹಿಂದೆ ನಿಲ್ಲಲೇಬೇಕು. ಮುಂದಿನವರ ಕೆಲಸ ಮುಗಿದ ಮೇಲೆ ಇವರ ಸರದಿ, ಅಷ್ಟರಲ್ಲಿ ಗೂಡು ತುಂಬಿರುತ್ತದೆ.

ಆಮೇಲೆ ಅವಳ ಕೊಂಕು. "ಒಂದು ಮಾತು ಹೇಳ್ಲಾ ಅತ್ತೆ? ನಮ್ಮಾಫೀಸಲ್ಲಿ ಸಿಂಗಲ್‌ಟನ್ ಅಂದ್ರೆ ಬೈಗುಳ. ಯಾರಾದ್ರೂ ಬರೆದ್ರೆ ಮೂಗು ಮುರೀತಾರೆ."

"ಯಾಕೆ?"

"ಅವರು ಇವರು ಎಲ್ಲರೂ ಕೈ ಹಾಕೋ ಡಬ್ಬಿ ಆಗುತ್ತೆ ಅದು. ಯಾರು ಏನು ಬದಲಾಯಿಸಿದ್ರು ಅಂತ ಗೊತ್ತಾಗಲ್ಲ."

"ನಿಮ್ಮಾಫೀಸಲ್ಲಿ ಗಂಟೆ ಇದೆಯಾ?"

"ಇಲ್ಲ."

"ಮತ್ತೆ ಸುಮ್ನಿರು."

ಪರೀಕ್ಷಿಸಿದೆ. ಮೂರು ಕಡೆಯಿಂದ ಗಂಟೆ ತರಿಸಿ, ಇದೂ ಅದೂ ಒಂದೇನಾ ಅಂತ ಕಂಪ್ಯೂಟರನ್ನೇ ಕೇಳಿದೆ. ಟ್ರೂ ಅಂತು. ಇನ್ನೊಂದು ಸಲ ಕೇಳಿದೆ. ಟ್ರೂ. ಇನ್ನೂ ಒಂದು ಸಲ, ಬರೀ ಖುಷಿಗೆ.


ಫೆಬ್ರವರಿ 10, ಸೋಮವಾರ. ಸಂಜೆ

ಹೊಸ ಪ್ರೋಗ್ರಾಂ ಶಾಲೆಯಲ್ಲಿ ಹಾಕಿ ಬಂದೆ. ಇಡೀ ದಿನ ಒಂದೂ ತಪ್ಪಿಲ್ಲ. ಬೇಕೆಂದೇ ಕರೆಂಟ್ ತೆಗೆಸಿ ಹಾಕಿಸಿದೆ, ಮೂರೂ ಸ್ಕ್ರೀನ್ ಒಟ್ಟಿಗೆ ಎದ್ದವು, ಗಂಟೆ ಒಂದೇ. ಗುಮಾಸ್ತರು, "ಅಮ್ಮ, ನೀವು ಇನ್ನೂ ಮೊದಲೇ ಹುಟ್ಟಬೇಕಿತ್ತೋ, ತಡವಾಗಿ ಹುಟ್ಟಬೇಕಿತ್ತೋ ಗೊತ್ತಾಗ್ತಿಲ್ಲ" ಅಂದರು. ಹೊಗಳಿಕೆ ಅಂತಲೇ ಇಟ್ಟುಕೊಂಡಿದ್ದೇನೆ.

ಗೂಡಿನಲ್ಲಿ ತಮ್ಮ ನನಗೆ ಸ್ಟೂಲು ಒರೆಸಿ ಕೊಟ್ಟ. ಅವನು ನಿಂತೇ ಇದ್ದ. ಪ್ರತಿ ಗಂಟೆಗೂ ಅವನ ಬಲಗೈ ಬೆರಳು ಪ್ಯಾಂಟಿನ ಮೇಲೆ ಸಣ್ಣಗೆ ಬಡಿಯುತ್ತಿತ್ತು. ಅವನಿಗೇ ಗೊತ್ತಿಲ್ಲ.


ಫೆಬ್ರವರಿ 13, ಗುರುವಾರ

ಮತ್ತೆ ಹೊಡೆಯಿತು. ಪಾಠದ ನಡುವೆ. ಸಣ್ಣ ಮಕ್ಕಳು ಊಟದ ಹೊತ್ತಾಯಿತೆಂದು ಡಬ್ಬಿ ಬಿಚ್ಚಿ ಕೂತರಂತೆ.

ಈಗ ಬರೆಯಲಾಗದು.


ಫೆಬ್ರವರಿ 14, ಶುಕ್ರವಾರ. ಬೆಳಿಗ್ಗೆ

ಕಾರಣ ತಿಳಿಯಿತು. ಈ ಸಲ ಗಂಟೆ ಒಂದೇ ಇತ್ತು. ಅದೇ ತೊಂದರೆ.

ದೊಡ್ಡ ಮೇಡಂಗೆ ಒಂದು 'ಮಾಡಿ ನೋಡಿ' ಪುಟ ಇದೆ. ಹೀಗೆ ಬದಲಿಸಿದರೆ ದಿನ ಹೇಗೆ ಕಾಣುತ್ತದೆ ಅಂತ ಆಡಿ ನೋಡುವುದಕ್ಕೆ. ಮೊದಲು ಆ ಪುಟ ತನ್ನದೇ ಒಂದು ಹೊಸ ಗಂಟೆ ಮಾಡಿಕೊಳ್ಳುತ್ತಿತ್ತು. ಸೇವ್ ಒತ್ತುವ ತನಕ ಅದಕ್ಕೆ ಜೀವ ಇಲ್ಲ, ಸುತ್ತಿಗೆಯ ಗೊಡವೆಗೆ ಹೋಗುತ್ತಿರಲಿಲ್ಲ. ಈಗ ಆ ಪುಟವೂ ಕಿಟಕಿಗೆ ಹೋಗಿ ಕೇಳಿತು. ಇರುವುದೊಂದೇ ಗಂಟೆ, ಕೊಟ್ಟಿತು. ನಿಜವಾದದ್ದು, ಓಡುತ್ತಿರುವುದು. ಮೇಡಂ ಚಹಾ ಕುಡಿಯುತ್ತಾ ಊಟದ ಹೊತ್ತನ್ನು ಹಿಂದೆ ಮುಂದೆ ಎಳೆದು ನೋಡಿದ್ದಾರೆ. ಇಡೀ ಶಾಲೆಯ ಊಟದ ಹೊತ್ತು ಹಿಂದೆ ಮುಂದೆ ಹೋಗಿದೆ.

ಅವರದೇನು ತಪ್ಪು? ಆಡಿ ನೋಡಿ ಅಂದವಳು ನಾನು.

ಸೊಸೆ 'ನಾನು ಹೇಳಿರ್ಲಿಲ್ವಾ' ಅನ್ನುತ್ತಾಳೆ ಅಂತ ಕಾದೆ. ಅನ್ನಲಿಲ್ಲ. ಎದುರಿಗೆ ಕೂತು ನನ್ನ ಲೋಟಕ್ಕೂ ಚಹಾ ಬಗ್ಗಿಸಿದಳು.

"ಹೇಳ್ಬಿಡು," ಅಂದೆ. "ಹೊಟ್ಟೇಲಿ ಇಟ್ಕೊಂಡ್ರೆ ಅಜೀರ್ಣ ಆಗುತ್ತೆ."

"ನಾನು ಹೇಳಿರ್ಲಿಲ್ವಾ?"

"ಹ್ಞೂಂ. ಸಮಾಧಾನ ಆಯ್ತಾ?"

"ಆಯ್ತು." ನಕ್ಕಳು. ಆಮೇಲೆ ನಿಧಾನವಾಗಿ, "ಒಂದೇ ಇರ್ಬೇಕು ಅನ್ನೋದು ಒಂದು ಮಾತು ಅತ್ತೆ. ಎಲ್ಲರೂ ಅದಕ್ಕೆ ಕೈ ಹಾಕ್ಬಹುದು ಅನ್ನೋದು ಇನ್ನೊಂದು ಮಾತು. ನೀವು ಎರಡನ್ನೂ ಒಂದೇ ಗಂಟು ಕಟ್ಟಿದ್ರಿ. ಸಿಂಗಲ್‌ಟನ್ ಬಿಟ್ಬಿಡಿ. ಶುರುವಿನಲ್ಲಿ ಒಂದು ಗಂಟೆ ಮಾಡಿ, ಯಾರಿಗೆ ಬೇಕೋ ಅವರ ಕೈಗೆ ಮಾತ್ರ ಕೊಡಿ."

"ಕೊಡೋಕೆ ಮರೆತವರು ಮತ್ತೆ 'ನ್ಯೂ' ಅಂತಾರೆ. ನಾನೇ ಅಂದಿದ್ದೀನಲ್ಲ, ಮೂರು ಸಲ. ಚಿಲಕ ಇರ್ಲಿ."

"ಹಟ."

"ಹಟ ಅಲ್ಲ. ನನ್ನ ಬುದ್ಧಿ ನನಗೆ ಗೊತ್ತು."

ಶಾಲೆಗೆ ಹೋಗಿ 'ಮಾಡಿ ನೋಡಿ' ಪುಟ ಮುಚ್ಚಿಸಿ ಬಂದೆ. ದೊಡ್ಡ ಮೇಡಂ ಮೇಜಿನ ಮೇಲೆ ಆ ಪೆಟ್ಟಿಗೆಯ ಬಣ್ಣದ ಚಿತ್ರದ ಹಾಳೆ ಇತ್ತು. ಅವರೇ ತರಿಸಿದ್ದೋ, ಯಾರಾದರೂ ತಂದಿಟ್ಟದ್ದೋ. ಕೇಳಲಿಲ್ಲ.


ಫೆಬ್ರವರಿ 16, ಭಾನುವಾರ. ಮಧ್ಯಾಹ್ನ

ತಮ್ಮ ಬಂದಿದ್ದ. ಮುಖ ಸಣ್ಣದಾಗಿತ್ತು, ಆದರೆ ಮಾತು ಎಂದಿನದೇ. ಬಟಾಣಿ ಸುಲಿಯಲು ಕೂರಿಸಿದೆ. ಎಡಗೈಯಲ್ಲಿ ನನಗಿಂತ ಬೇಗ ಸುಲಿಯುತ್ತಾನೆ.

ಸುಮ್ಮನೆ ಕೇಳಿದೆ. "ನೀನೇ ಹೊಡೀತಿದ್ದಾಗ ಗಂಟೆ ಹೊತ್ತು ಬದಲಾಗ್ಬೇಕು ಅಂದ್ರೆ ಏನು ಮಾಡ್ತಿದ್ರು?"

"ಬಂದು ಹೇಳ್ತಿದ್ರು."

"ಯಾರು?"

"ಬೇಕಾದೋರು. ಆಟದ ಮೇಷ್ಟ್ರಿಗೆ ಬೇಕಂದ್ರೆ ಆಟದ ಮೇಷ್ಟ್ರು. ದೊಡ್ಡ ಮೇಡಂಗೆ ಬೇಕಂದ್ರೆ ದೊಡ್ಡ ಮೇಡಂ."

"ಅವರೇ ಬಂದು ಹೊಡೆದುಕೊಂಡು ಹೋಗ್ಬಹುದಿತ್ತಲ್ಲ?"

ಸುಲಿಯುವ ಕೈ ನಿಂತಿತು. ಕೇಳಬಾರದ್ದು ಕೇಳಿದ ಹಾಗೆ ನೋಡಿದ. "ಸುತ್ತಿಗೆ ನನ್ನ ಸೊಂಟದಲ್ಲಿ ಇರ್ತಿತ್ತಲ್ಲಕ್ಕ. ಊಟಕ್ಕೆ ಕೂತ್ರೂ ಸೊಂಟದಲ್ಲೇ. ಗಂಟೆ ಯಾರು ಬೇಕಾದ್ರೂ ನೋಡ್ಕೊಳ್ಲಿ, ಕೇಳಿಸ್ಕೊಳ್ಲಿ. ಹೊಡೆಯೋದು ಒಂದೇ ಕೈ. ಎರಡು ಕೈ ಆದ್ರೆ ಮಕ್ಕಳು ಯಾವುದನ್ನ ನಂಬಬೇಕು?"

"ನೀನು ಆಗಲ್ಲ ಅಂದದ್ದುಂಟಾ?"

"ಉಂಟು. ಆಟದ ಮೇಷ್ಟ್ರಿಗೆ. ಪಂದ್ಯ ಇದೆ, ಬೇಗ ಬಿಡು ಅಂದ್ರು. ಸಣ್ಣ ಮಕ್ಕಳನ್ನ ಕರ್ಕೊಂಡು ಹೋಗೋರು ಇನ್ನೂ ಬಂದಿಲ್ಲ, ಬೀದೀಲಿ ನಿಲ್ಲಿಸ್ತೀರಾ ಅಂದೆ. ಒಂದು ವಾರ ನನ್ನ ಜೊತೆ ಮಾತಾಡ್ಲಿಲ್ಲ. ಆಮೇಲೆ ಅವರೇ ಬೀಡಿ ಕೊಟ್ರು."

"ಬೀಡಿ ಯಾವಾಗ ಸೇದ್ತಿದ್ದೆ?"

"ಅದು ಮಾತಿಗೆ ಹೇಳಿದ್ದಲ್ಲ," ಅಂದ.

ಒಳಗೆ ಸೊಸೆ ಕೇಳಿಸಿಕೊಳ್ಳುತ್ತಿದ್ದಳು. ಬಂದು ಬಾಗಿಲಿಗೆ ಒರಗಿ ನಿಂತಳು. ಅವಳೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ಬಟಾಣಿ ಬುಟ್ಟಿ ತಮ್ಮನ ಪಾಲಿಗೆ ಬಿಟ್ಟು ಇಬ್ಬರೂ ಕಂಪ್ಯೂಟರ್ ಮುಂದೆ ಕೂತೆವು.

ಗಂಟೆ ಒಂದೇ, ಅದು ಉಳಿಯಿತು. ಅಚ್ಚಿನ ಚಿಲಕವೂ ಉಳಿಯಿತು. ನನ್ನ ಹಟ. ಆದರೆ ಕಿಟಕಿಗೆ ಬಂದವರಿಗೆ ಇನ್ನು ಗಂಟೆಯನ್ನೇ ಕೊಡುವುದಿಲ್ಲ. ಅದರ ವೇಳಾಪಟ್ಟಿಯ ನಕಲು ಕೊಡುತ್ತದೆ. ಬೇಕಾದಷ್ಟು ಎಳೆದಾಡಲಿ, ನಕಲು ನಕಲೇ. ಸೊಸೆಯ ಜಾಣತನ. ನಿಜವಾದದ್ದನ್ನು ಬದಲಿಸುವ ಗುಂಡಿ ಒಂದೇ ಸ್ಕ್ರೀನಿನಲ್ಲಿ. ತಮ್ಮನ ಗೂಡಿನಲ್ಲಿ.

ಅಡುಗೆಮನೆಯಿಂದ ಅವನ ಕೂಗು. "ಸುಲಿದಾಯ್ತು! ಕೂಲಿ ಕೊಡೋರು ಯಾರಾದ್ರೂ ಇದ್ದೀರಾ?"


ಫೆಬ್ರವರಿ 19, ಬುಧವಾರ. ಸಂಜೆ

ಕೋಡು ಒಪ್ಪಿಸುವುದು ಸುಲಭ. ಮನುಷ್ಯರನ್ನು ಒಪ್ಪಿಸಬೇಕಲ್ಲ.

ದೊಡ್ಡ ಮೇಡಂ ಸ್ಕ್ರೀನ್ ಮುಂದೆ ಕೂತರು. ನಕಲಿನಲ್ಲಿ ಹೊತ್ತುಗಳನ್ನು ಎಳೆದು ನೋಡಿದರು. ಚಂದ ಅಂದರು. ಬದಲಿಸಲು ಹೋದರು. 'ಗಂಟೆಯವರನ್ನು ಕೇಳಿ' ಅಂತ ಬಂತು.

ಕನ್ನಡಕ ತೆಗೆದರು. "ಏನಿದು? ನನ್ನ ಶಾಲೆ ಗಂಟೆ ಬದಲಾಯಿಸೋಕೆ ನಾನು ಅಂಗಳ ದಾಟಿ ಹೋಗಿ ಕೇಳ್ಬೇಕಾ?"

ತಮ್ಮ ಬಾಗಿಲ ಹತ್ತಿರ ನಿಂತಿದ್ದ. ನೆಲ ನೋಡುತ್ತಿದ್ದ. ನಾನೇ ಹೇಳಿದೆ.

"ಹೌದು ಮೇಡಂ. ಮೊದಲೂ ಹಾಗೇ ಇತ್ತಲ್ಲ. ಈ ಕಂಪ್ಯೂಟರ್ ಬಂದ ಮೇಲೆ ಮೂರು ಕೈ ಆಯ್ತು, ಅದು ನಾನು ಮಾಡಿದ್ದು. ಈಗ ಒಂದೇ ಕೈ ಮಾಡಿದ್ದೀನಿ."

"ಅವರು ರಜೆ ಹಾಕಿದ್ರೆ?"

"ಅವನಿಗೆ ಒಂದು ಕೀ ಇದೆ. ಯಾರಿಗೆ ಕೊಟ್ಟು ಹೋಗ್ತಾನೋ ಅವರದು ಆ ದಿನದ ಕೈ. ಅವತ್ತು ಅವನೂ ಮುಟ್ಟೋ ಹಾಗಿಲ್ಲ."

ಏನೋ ಅನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಚಿತ್ರದ ಟೀಚರ್ ಒಳಗೆ ತಲೆ ಹಾಕಿದರು. "ಮೇಡಂ, ನಾಳೆ ನನ್ನ ಪೀರಿಯಡ್ ಹತ್ತು ನಿಮಿಷ ಜಾಸ್ತಿ ಮಾಡ್ಕೊಡಿ ಪ್ಲೀಸ್." ಅವರ ಹಿಂದೆಯೇ ಆಟದ ಮೇಷ್ಟ್ರು. "ಮೇಡಂ, ಹತ್ತು ನಿಮಿಷ ಬೇಗ ಬಿಡೋಕಾಗುತ್ತಾ?"

ದೊಡ್ಡ ಮೇಡಂ ಇಬ್ಬರನ್ನೂ ನೋಡಿದರು. ಸ್ಕ್ರೀನ್ ನೋಡಿದರು. ಕನ್ನಡಕ ಮತ್ತೆ ಹಾಕಿಕೊಂಡರು.

"ನನ್ನ ಕೈಲಿಲ್ಲ ಅದು," ಅಂದರು. "ಗಂಟೆಯವರನ್ನ ಕೇಳಿ."

ಇಬ್ಬರೂ ತಿರುಗಿ ತಮ್ಮನ ಮುಖ ನೋಡಿದರು. ಅವನು ಗಂಟಲು ಸರಿ ಮಾಡಿಕೊಂಡು, "ಊಟ ಆದ್ಮೇಲೆ ಬನ್ನಿ, ಕೂತು ಮಾತಾಡೋಣ," ಅಂದ. ಎಲ್ಲಿಂದ ಬಂತೋ ಆ ಗತ್ತು!

ಅವರು ಹೋದ ಮೇಲೆ ದೊಡ್ಡ ಮೇಡಂ ಕುರ್ಚಿಗೆ ಒರಗಿ ಉಸಿರು ಬಿಟ್ಟರು. "ಬೆಳಗಿಂದ ಸಂಜೆ ತನಕ ಎಲ್ಲದಕ್ಕೂ ನನ್ನೇ ಕೇಳ್ತಾರಮ್ಮ. ವ್ಯವಸ್ಥೆ ಹೀಗೇ ಇರ್ಲಿ. ಅಭ್ಯಾಸ ಪರೀಕ್ಷೆಲಿ ನೋಡೋಣ. ನೋಡೋಣ ಅಂದೆ, ಪೆಟ್ಟಿಗೆ ಬೇಡ ಅಂದಿಲ್ಲ."

"ಅಷ್ಟು ಸಾಕು ಮೇಡಂ."


ಫೆಬ್ರವರಿ 25, ಮಂಗಳವಾರ. ಸಂಜೆ

ಅಭ್ಯಾಸ ಪರೀಕ್ಷೆ ಆಯಿತು. ಶುರುವಿಗೊಂದು. ಮುಗಿಯುವಾಗೊಂದು. ನಡುವೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನು ಕಿಟಕಿಯಲ್ಲಿ ಕೂತು ಪೂರ್ತಿ ಕೇಳಿದೆ. ಇಷ್ಟು ಚೆಂದದ ನಿಶ್ಶಬ್ದ ನಾನು ಬೇರೆ ಯಾವತ್ತೂ ಮಾಡಿದ್ದಿಲ್ಲ.

ಪೆಟ್ಟಿಗೆಯ ಬಣ್ಣದ ಹಾಳೆಗೆ ಬೇರೆ ಕೆಲಸ ಸಿಕ್ಕಿದೆ ಅಂತ ತಮ್ಮ ಫೋನ್ ಮಾಡಿದ. ದೊಡ್ಡ ಮೇಡಂ ಅವರ ಚಹಾ ಲೋಟದ ಅಡಿಗೆ ಹೋಗಿದೆಯಂತೆ.

ಸೊಸೆ ಕೋಡ್ ಪೂರ್ತಿ ಓದಿದಳು. ಆಫೀಸಿನಲ್ಲಿ ಓದುವ ಹಾಗೆಯೇ, ಬಾಯಿ ಬಿಡದೆ. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತಿದ್ದೆ. ಕೊನೆಗೆ ಒಂದು ಕಡೆ ಜಾಗ ಬಿಟ್ಟದ್ದು ಹೆಚ್ಚಾಯಿತು ಅಂದಳು. ಅಷ್ಟೇನಾ ಅಂದೆ.

"ಅಷ್ಟೇ. ಪಾಸು." ಆಮೇಲೆ ಹೋಗುತ್ತಾ ಹೋಗುತ್ತಾ, "ನಾಳೆ ನಮ್ಮ ಟೀಮಿಗೆ ಇದನ್ನ ತೋರಿಸ್ಲಾ ಅತ್ತೆ? ಮೂಗು ಮುರಿಯೋರಿಗೆ?"

"ತೋರ್ಸು. ಯಾರದ್ದು ಅಂತ ಹೇಳು."

"ನಮ್ಮತ್ತೇದು ಅಂತ್ಲೇ ಹೇಳ್ತೀನಿ."

ತೊಳೆದ ಲೋಟವನ್ನೇ ಮತ್ತೆ ತೊಳೆದೆ.


ಮಾರ್ಚ್ 3, ಸೋಮವಾರ. ಶಾಲೆಯ ಅಂಗಳ

ಮನೆಯಲ್ಲಿ ಕೂರಲಾಗಲಿಲ್ಲ. ಗೂಡಿನ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪರೀಕ್ಷೆಯ ಎರಡೂ ಹಾಲಿನ ಬಾಗಿಲುಗಳು ಮುಚ್ಚಿವೆ. ಇಷ್ಟು ಮಕ್ಕಳಿರುವ ಕಡೆ ಇಷ್ಟೂ ಸದ್ದಿಲ್ಲ. ಶುರುವಿನ ಗಂಟೆ ಸರಿಯಾಗಿ ಆಯಿತು. ಈಗ ಕೊನೆಯದು ಉಳಿದಿದೆ.

ತಮ್ಮ ಇಸ್ತ್ರಿ ಶರ್ಟು ಹಾಕಿದ್ದಾನೆ. ಮಾತಾಡುತ್ತಿಲ್ಲ. ಸ್ಕ್ರೀನ್ ನೋಡುತ್ತಾನೆ, ತಟ್ಟೆ ನೋಡುತ್ತಾನೆ, ಆಕಾಶ ನೋಡುತ್ತಾನೆ.

ದೊಡ್ಡ ಮೇಡಂ ಹಾಲಿನಿಂದ ಹೊರಗೆ ಬಂದರು. ಏನಾಯಿತಪ್ಪಾ... ಈ ಕಡೆಯೇ ಬರುತ್ತಿದ್ದಾರೆ.

ಬಂದು ಹೋದರು. ನಡೆದದ್ದನ್ನು ಹಾಗೇ ಬರೆದಿಡುತ್ತೇನೆ. ಸರಸರನೆ ನಡೆದು ಬಂದು ಗೂಡಿನ ಮುಂದೆ ನಿಂತರು. ಗುಮಾಸ್ತರನ್ನು ಕಳಿಸಬಹುದಿತ್ತು. ಅವರೇ ಬಂದರು.

"ಪ್ರಶ್ನೆಪತ್ರಿಕೆ ಕಟ್ಟು ಬಿಚ್ಚೋದು ತಡವಾಗಿತ್ತು. ಮಕ್ಕಳು ಹತ್ತು ನಿಮಿಷ ಕಳ್ಕೊಂಡಿದ್ದಾರೆ. ಮುಗಿಯೋ ಗಂಟೆ ಅಷ್ಟು ಮುಂದಕ್ಕೆ ಹಾಕಿಕೊಡ್ತೀರಾ?"

"ಎರಡೂ ಹಾಲಿಗಾ ಮೇಡಂ?" ತಮ್ಮ ಕೇಳಿದ.

"ಎರಡಕ್ಕೂ ತಡವೇ ಆಗಿದ್ದು."

"ಒಳಗಿರೋ ಮಕ್ಕಳಿಗೆ ಹೇಳಿದ್ದೀರಾ? ಹೇಳ್ದೆ ಹಾಕಿದ್ರೆ ಗಡಿಯಾರ ನೋಡಿ ಗಾಬರಿ ಆಗ್ತಾವೆ."

"ಹೇಳಿಸ್ತೀನಿ."

"ಹಾಗಾದ್ರೆ ಆಗ್ಲಿ."

ಎಡಗೈಯಲ್ಲಿ ಕನ್ನಡಕ ಸರಿ ಮಾಡಿಕೊಂಡ. ಒಂದು ಬೆರಳಿನಲ್ಲಿ ನಿಧಾನವಾಗಿ ಒತ್ತಿದ. ನಾನು ಸ್ಕ್ರೀನ್ ನೋಡಲಿಲ್ಲ, ಅವನ ಬೆರಳು ನೋಡುತ್ತಿದ್ದೆ. "ಹಾಕಿದ್ದೀನಿ ಮೇಡಂ" ಅಂದ. ಅವರು ತಲೆಯಾಡಿಸಿ ಹೋದರು.

ಹಳೆಯ ಹೊತ್ತು ಬಂತು. ಹೋಯಿತು. ಗಂಟೆ ಸುಮ್ಮನಿತ್ತು. ಎಲ್ಲೋ ಒಂದು ಮೂಲೆಯಲ್ಲಿ ಹಳೆಯದನ್ನೇ ಹಿಡಿದುಕೊಂಡ ಇನ್ನೊಂದು ಗಂಟೆ ಕೂತಿದ್ದರೆ ಆಗಲೇ ಹೊಡೆಯಬೇಕಿತ್ತು. ಇಲ್ಲ. ಇನ್ನೊಂದು ಇಲ್ಲ. ತಮ್ಮ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಕತ್ತೆ.

ಢಣ್.

ಒಂದೇ. ಕಿವಿಗೊಟ್ಟು ಕೂತೆ. ಎರಡೂ ಹಾಲಿನಲ್ಲಿ ಕುರ್ಚಿ ಸರಿಯುವ ಸದ್ದು, ಒಟ್ಟಿಗೇ, ಅಲೆ ಬಂದ ಹಾಗೆ. ಬಾಗಿಲು ತೆರೆದವು. ಮಕ್ಕಳು ಹೊರಗೆ ಸುರಿಯುತ್ತಿದ್ದಾರೆ. ಯಾರಿಗೂ ಗಂಟೆಯ ಚಿಂತೆಯೇ ಇಲ್ಲ, ಅದೇ ಚಂದ. ಕಣ್ಣು ಒರೆಸಿಕೊಂಡೆ, ಧೂಳು.

ಆ ಹೊಸ ಮೇಷ್ಟ್ರು ಗೂಡಿನ ಹತ್ತಿರ ಬಂದು ಏನೋ ಕೇಳುತ್ತಿದ್ದಾರೆ, ಹೇಗೆ ಕೆಲಸ ಮಾಡುತ್ತದೆ ಇದು ಅಂತ. ತಮ್ಮ ಎದೆ ಉಬ್ಬಿಸಿ ಹೇಳುತ್ತಿದ್ದಾನೆ — ಗೂಡು, ಕಿಟಕಿ, ಚಿಲಕ. ಅರ್ಧ ತಪ್ಪು ಹೇಳುತ್ತಿದ್ದಾನೆ. ಬೀಗದ ಸಂಗತಿ ಬಿಟ್ಟೇಬಿಟ್ಟ.

"ಅಕ್ಕಾ! ಬರೆದಿದ್ದು ಸಾಕು ಬಾರೇ. ಇವರಿಗೆ ನೀನೇ ಹೇಳು, ಇದು ನಮ್ಮಕ್ಕನೇ ಬರೆದಿದ್ದು ಅಂದ್ರೆ ನಂಬ್ತಾನೇ ಇಲ್ಲ!"

ಬಂದೆ ಅಂದೆ. ಇದೊಂದು ಸಾಲು ಮುಗಿಸಿ...